ಶಾಸನ ದತ್ತಾಂಶದ ಸರ್ವರ್: ಎಸ್‌ಎಸ್‌ಡಿ ಮತ್ತು ರೇಡ್ ನಿಯಂತ್ರಕದ ಆಯ್ಕೆ

ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಪೀಣ್ಯದಾಚೆ, ತುಮಕೂರು ರಸ್ತೆಯ ಮಾಕಳಿಯಂಥ ಊರುಗಳ ಸುತ್ತ ಅಂದು ಇದ್ದ ಹೊಲಗಳ ಜಾಗದಲ್ಲಿ ಇಂದು ಕಾರ್ಖಾನೆ, ಗೋದಾಮು, ಬಡಾವಣೆಗಳಿವೆ. ಇಂಥ ಪರಿಸರದಲ್ಲಿ ಕಲ್ಲು ಕಳೆದರೆ ಅದರ ಪ್ರತಿಯೇ ಆಕರವಾಗುತ್ತದೆ. ಮಿಥಿಕ್ ಸೊಸೈಟಿಯು ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸುತ್ತಿರುವುದರ ಮಹತ್ವ ಇದೇ. ಆದುದರಿಂದ ಪ್ರತಿಯನ್ನು ಯಾವುದರ ಮೇಲೆ ಇರಿಸಬೇಕೆಂಬ ಪ್ರಶ್ನೆಯನ್ನು ಖರೀದಿ ವಿಭಾಗಕ್ಕಷ್ಟೇ ಬಿಡುವಂತಿಲ್ಲ.

ಪಠ್ಯಕ್ಕೆ ಬೇಕಾಗುವ ಸ್ಥಳ ಅತ್ಯಲ್ಪ. ‘ಕನ್ನಡ’ ಎಂಬ ಪದ ಯೂನಿಕೋಡ್‌ನಲ್ಲಿ ಐದು ಸಂಕೇತಗಳು. ಯುಟಿಎಫ್-8ರಲ್ಲಿ 15 ಬೈಟ್. ಸ್ಥಳವನ್ನು ನುಂಗುವುದು ಚಿತ್ರ ಮತ್ತು ಸ್ಕ್ಯಾನುಗಳು; ಅವುಗಳಿಗೆ ಸಾಮಾನ್ಯ ಹಾರ್ಡ್‌ಡಿಸ್ಕ್ ಸಾಕು. ಪಾಠ, ಪಾಠಾಂತರ, ಪದಸೂಚಿಗಳ ದತ್ತಸಂಚಯ ಮಾತ್ರ ಬೇರೆ ಬಗೆಯದು. ಪೋಸ್ಟ್‌ಗ್ರೆಸ್ 8 ಕಿಲೋಬೈಟ್‌ಗಳ ಪುಟಗಳನ್ನು ಅಲ್ಲೊಂದು ಇಲ್ಲೊಂದು ಹೆಕ್ಕುತ್ತದೆ. ಹಾರ್ಡ್‌ಡಿಸ್ಕಿನ ತೋಳು ಪ್ರತಿಸಲವೂ ಚಲಿಸಬೇಕು. ಎಸ್‌ಎಸ್‌ಡಿಗೆ ಆ ಚಲನೆಯೇ ಇಲ್ಲ.

ವೇಗಕ್ಕಿಂತ ಮುಖ್ಯವಾದುದು ವಿದ್ಯುತ್ ಕಡಿತದ ಪ್ರಶ್ನೆ. ಸಂಪಾದಕರು ತಿದ್ದಿದ ಪಾಠ ‘ಉಳಿಯಿತು’ ಎಂದು ಪರದೆ ಹೇಳಿದಾಗಲೂ ಅದು ಡ್ರೈವಿನ ತಾತ್ಕಾಲಿಕ ಸ್ಮೃತಿಯಲ್ಲೇ ಇರಬಹುದು. ಆ ಕ್ಷಣದ ಬರಹವನ್ನು ಪೂರೈಸುವಷ್ಟು ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳು ಸರ್ವರ್ ದರ್ಜೆಯ ಎಸ್‌ಎಸ್‌ಡಿಗಳಲ್ಲಿರುತ್ತವೆ. ಅಗ್ಗದ ಮನೆಬಳಕೆಯವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬಾಳಿಕೆಯ ಭೀತಿ ಮಾತ್ರ ಅತಿಶಯೋಕ್ತಿ: ದಿನಕ್ಕೊಮ್ಮೆ ಪೂರ್ಣ ಬರೆಯಬಲ್ಲ 960 ಗಿಗಾಬೈಟ್ ಡ್ರೈವಿನ ಐದು ವರ್ಷದ ಮಿತಿ 1,752 ಟೆರಾಬೈಟ್. ಯಾವ ಶಾಸನಕೋಶವೂ ಅದರ ಹತ್ತಿರ ಸುಳಿಯದು.

ರೇಡ್ ಪರಿಕಲ್ಪನೆಯನ್ನು ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ 1988ರಲ್ಲಿ ಮಂಡಿಸಿದರು. ರೇಡ್ 5ರಲ್ಲಿ ಒಂದು ಸಣ್ಣ ತಿದ್ದುಪಡಿಗೂ ಎರಡು ಓದು, ಎರಡು ಬರಹ ಬೇಕು; ದತ್ತಸಂಚಯಕ್ಕೆ ರೇಡ್ 1 ಅಥವಾ 10 ಲೇಸು. ನಿಯಂತ್ರಕವನ್ನು ಕೊಳ್ಳುವುದಾದರೆ ಅದರ ಸ್ಮೃತಿಗೆ ಬ್ಯಾಟರಿ ಅಥವಾ ಫ್ಲ್ಯಾಷ್ ರಕ್ಷಣೆ ಇರಲೇಬೇಕು. ಆದರೆ ನಿಯಂತ್ರಕ ಕೆಟ್ಟರೆ ಅದೇ ಕುಲದ ಇನ್ನೊಂದನ್ನು ಹುಡುಕಬೇಕಾದೀತು. ಎರಡೇ ಡ್ರೈವುಗಳಿರುವ ವಿಭಾಗಕ್ಕೆ ಲಿನಕ್ಸ್‌ನ ತಂತ್ರಾಂಶ ರೇಡ್ ಹೆಚ್ಚು ಸೂಕ್ತ. ಆ ಡ್ರೈವುಗಳನ್ನು ಮತ್ತೊಂದು ಲಿನಕ್ಸ್ ಯಂತ್ರದಲ್ಲೂ ತೆರೆಯಬಹುದು.

ಗ್ರಂಥಸಂಪಾದನೆಯ ಒಂದು ತಿಳಿವಳಿಕೆ ಇಲ್ಲಿಯೂ ಸಲ್ಲುತ್ತದೆ. ಒಂದೇ ಮಾತೃಕೆಯಿಂದ ಇಳಿದ ಎರಡು ಪ್ರತಿಗಳು ಎರಡು ಸ್ವತಂತ್ರ ಸಾಕ್ಷಿಗಳಲ್ಲ. 2019ರಲ್ಲಿ ಎಚ್‌ಪಿಇ ತನ್ನ ಕೆಲವು ಎಸ್‌ಎಸ್‌ಡಿಗಳು ಫರ್ಮ್‌ವೇರ್ ದೋಷದಿಂದ 32,768 ಗಂಟೆಗಳ ಬಳಕೆಗೆ ನಿಂತುಹೋಗುತ್ತವೆ ಎಂದು ಎಚ್ಚರಿಸಿ ತಿದ್ದುಪಡಿ ನೀಡಿತು. ಒಟ್ಟಿಗೆ ಅಳವಡಿಸಿದ ಅಂಥ ಜೋಡಿ ಹೆಚ್ಚುಕಡಿಮೆ ಒಟ್ಟಿಗೇ ಸಾಯುತ್ತದೆ. ಜೋಡಿಯ ಡ್ರೈವುಗಳು ಬೇರೆ ತಯಾರಕರವು, ಕನಿಷ್ಠ ಬೇರೆ ತಂಡದವು ಆಗಿರಲಿ.

ರೇಡ್ ಎಂದರೆ ರಕ್ಷಾಪ್ರತಿಯಲ್ಲ. ಸಹಾಯಕನೊಬ್ಬ ತಪ್ಪಾಗಿ ಒಂದು ತಾಲ್ಲೂಕಿನ ಪಾಠಗಳನ್ನೆಲ್ಲ ಅಳಿಸಿದರೆ ಜೋಡಿಡ್ರೈವಿನಲ್ಲೂ ಅದೇ ಕ್ಷಣ ಅವು ಅಳಿಯುತ್ತವೆ. ಬೇರೆ ಕಟ್ಟಡದಲ್ಲಿ ದಿನಾಂಕವಾರು ಪ್ರತಿಗಳಿರಬೇಕು. ವರ್ಷಕ್ಕೊಮ್ಮೆಯಾದರೂ ಅದರಿಂದ ಕೆಲವು ಶಾಸನಗಳನ್ನು ಮರಳಿ ಪಡೆದು, ಮುದ್ರಿತ ಸಂಪುಟದೊಡನೆ ಅಕ್ಷರಶಃ ಹೋಲಿಸಿ ನೋಡಬೇಕು.