ಮಕ್ಕಳಿರುವ ಮನೆಗೆ ಎಂಥ ನಾಯಿ?

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದು ರಜೆ ಸಿಕ್ಕ ಕೂಡಲೇ ಎಷ್ಟೋ ಮನೆಗಳಲ್ಲಿ ನಾಯಿಮರಿಯ ಮಾತು ಏಳುತ್ತದೆ. ಮಕ್ಕಳು ಹಟ ಹಿಡಿಯುತ್ತಾರೆ. ಅಪ್ಪ ಮೊಬೈಲಿನಲ್ಲಿ ತಳಿಗಳ ಫೋಟೊ ನೋಡುತ್ತಾರೆ. ಪರಿಚಯದವರು ಯಾರೋ ‘ಲ್ಯಾಬ್ರಡಾರ್ ತಗೊಳ್ಳಿ, ಮಕ್ಕಳಿಗೆ ಒಳ್ಳೇದು’ ಅನ್ನುತ್ತಾರೆ. ಭಾನುವಾರ ಮರಿ ಮನೆಗೆ ಬರುತ್ತದೆ. ಶಾಲೆ ಶುರುವಾಗುವ ಹೊತ್ತಿಗೆ ಆ ಮರಿಗೆ ಮೂರ್ನಾಲ್ಕು ತಿಂಗಳು. ಹಲ್ಲು ಬದಲಾಗುವ, ಸಿಕ್ಕಿದ್ದನ್ನೆಲ್ಲ ಕಚ್ಚುವ ವಯಸ್ಸು. ಸುತ್ತ ಸದಾ ಮಕ್ಕಳಿದ್ದ ಅದು ಒಮ್ಮೆಲೇ ಇಡೀ ದಿನ ಒಂಟಿಯಾಗುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅದನ್ನು ಊರಿನ ತೋಟಕ್ಕೆ ಕಳಿಸಿಬಿಡೋಣ ಎಂಬ ಮಾತು ಬಂದಿರುತ್ತದೆ.

ಇಲ್ಲಿ ಎಡವಟ್ಟಾಗಿದ್ದು ಕ್ರಮದಲ್ಲಿ. ತಳಿಯಿಂದ ಶುರು ಮಾಡಿದವರು ತಮ್ಮ ಮನೆಯನ್ನು ನೋಡಿಕೊಳ್ಳುವುದೇ ಇಲ್ಲ. ತಳಿಯ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ.

ಮೊದಲ ಹೆಜ್ಜೆ: ಮನೆಯಲ್ಲಿ ಯಾರಿದ್ದಾರೆ?

ಅತಿ ಚಿಕ್ಕ ಮಗುವಿನ ವಯಸ್ಸೆಷ್ಟು ಎಂಬುದರಿಂದ ಲೆಕ್ಕ ಶುರುವಾಗಲಿ. ನಾಲ್ಕು ವರ್ಷದೊಳಗಿನ ಮಗುವಿದ್ದರೆ ಕಾಯಿರಿ ಎಂಬುದೇ ನನ್ನ ಸಲಹೆ. ಆ ವಯಸ್ಸಿನ ಮಗು ನಾಯಿಯ ಕಿವಿ ಎಳೆಯುತ್ತದೆ, ಮಲಗಿದ್ದರೆ ಮೇಲೆ ಬೀಳುತ್ತದೆ, ತಟ್ಟೆಗೆ ಕೈ ಹಾಕುತ್ತದೆ. ಹಾಗೆ ಮಾಡಬಾರದೆಂದು ಎಷ್ಟು ಹೇಳಿದರೂ ಅದಕ್ಕೆ ನೆನಪಿರುವುದಿಲ್ಲ. ಮಗುವಿನ ಮುಖವೂ ನಾಯಿಯ ಬಾಯಿಯೂ ಒಂದೇ ಎತ್ತರದಲ್ಲಿರುವುದರಿಂದ ಸಣ್ಣ ಮಕ್ಕಳಿಗೆ ಆಗುವ ಗಾಯ ಹೆಚ್ಚಾಗಿ ಮುಖ, ತಲೆ, ಕುತ್ತಿಗೆಯ ಮೇಲೆ. ಕಚ್ಚುವುದು ಬಹುಪಾಲು ಪರಿಚಯದ ನಾಯಿಯೇ, ಅದೂ ಮನೆಯೊಳಗೆ. ಮಗುವಿಗೆ ಐದಾರು ವರ್ಷವಾಗಿ, ಹೇಳಿದ್ದು ಅರ್ಥವಾಗುವಂತಾದರೆ ಎರಡೂ ಜೀವಗಳಿಗೆ ಕ್ಷೇಮ.

‘ನಾನೇ ನೋಡ್ಕೋತೀನಿ ಅಮ್ಮ’ ಎಂದು ಮಗು ಕೊಡುವ ಮಾತು ಪ್ರಾಮಾಣಿಕವಾದದ್ದೇ. ಆದರೆ ಅದನ್ನು ನಂಬಿ ನಾಯಿ ತರಬೇಡಿ. ನಾಯಿ ಹತ್ತರಿಂದ ಹದಿನಾಲ್ಕು ವರ್ಷ ಬದುಕುತ್ತದೆ. ಈಗ ಮೂರನೇ ತರಗತಿಯಲ್ಲಿರುವ ಹುಡುಗಿ ಕಾಲೇಜು ಹಾಸ್ಟೆಲಿಗೆ ಹೋದ ಮೇಲೂ, ಮುದಿಯಾಗಿ ಕಾಲೆಳೆಯುವ ಆ ನಾಯಿ ಮನೆಯಲ್ಲೇ ಇರುತ್ತದೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಅದನ್ನು ಹೊರಗೆ ಕರೆದೊಯ್ಯುವ ಒಬ್ಬ ದೊಡ್ಡವರ ಹೆಸರು ಈಗಲೇ ಗೊತ್ತಾಗಬೇಕು. ಗೊತ್ತಾಗದಿದ್ದರೆ ಸದ್ಯಕ್ಕೆ ನಾಯಿ ಬೇಡ.

ಅಜ್ಜಿ, ತಾತ ಜೊತೆಯಲ್ಲಿದ್ದರೆ ಮೊದಲು ಕೇಳಬೇಕಾದದ್ದು ಅವರನ್ನೇ. ಎಲ್ಲರೂ ಶಾಲೆಗೆ, ಕೆಲಸಕ್ಕೆ ಹೋದ ಮೇಲೆ ನಾಯಿಯೊಡನೆ ಮನೆಯಲ್ಲಿ ಉಳಿಯುವವರು ಅವರು. ಮೂವತ್ತು ಕಿಲೋ ತೂಕದ ನಾಯಿ ಪ್ರೀತಿಯಿಂದ ಹಾರಿದರೂ ಎಪ್ಪತ್ತರ ಅಜ್ಜಿ ಬಿದ್ದು ಸೊಂಟ ಮುರಿದುಕೊಳ್ಳಬಹುದು. ದೇವರ ಮನೆಗೆ ಬರಬಾರದು, ಅಡುಗೆಮನೆಯ ಹೊಸ್ತಿಲು ದಾಟಬಾರದು ಎಂದು ಅವರು ಹೇಳಿದರೆ ಅದನ್ನು ಜಗಳವಾಗಿಸಬೇಡಿ. ಬಾಗಿಲಿಗೆ ಮಕ್ಕಳಿಗೆ ಹಾಕುವಂಥ ಅಡ್ಡಗೇಟು ಹಾಕಿದರೆ ಮುಗಿಯಿತು. ಎಲ್ಲಿ ಬರಬಹುದು, ಎಲ್ಲಿ ಬರಬಾರದು ಎಂಬುದು ಮೊದಲ ದಿನದಿಂದ ಒಂದೇ ರೀತಿ ಇದ್ದರೆ ನಾಯಿ ಬೇಗ ಕಲಿಯುತ್ತದೆ.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕುವುದನ್ನಾಗಲೀ ಲಿಫ್ಟಿನಲ್ಲಿ ಒಯ್ಯುವುದನ್ನಾಗಲೀ ನಿವಾಸಿಗಳ ಸಂಘ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಸಾಕುನಾಯಿಗೆ ಪಾಲಿಕೆಯ ಪರವಾನಗಿ ಬೇಕೇ ಎಂಬುದನ್ನೂ ವಿಚಾರಿಸಿಕೊಳ್ಳಿ.

ಎರಡನೇ ಹೆಜ್ಜೆ: ಮರಿಯೋ, ಬೆಳೆದ ನಾಯಿಯೋ?

ಹೆಚ್ಚಿನವರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ. ನಾಯಿ ಅಂದರೆ ಮರಿ, ಮರಿಯಿಂದ ಸಾಕಿದರೆ ಮಾತ್ರ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿ. ನಾನು ಇದನ್ನು ಒಪ್ಪುವುದಿಲ್ಲ. ಇಬ್ಬರೂ ದುಡಿಯುವ, ಹಿಂದೆ ನಾಯಿ ಸಾಕಿ ಗೊತ್ತಿಲ್ಲದ, ಆರು–ಹತ್ತು ವರ್ಷದ ಮಕ್ಕಳಿರುವ ಮನೆಗೆ ಒಂದೂವರೆ ಎರಡು ವರ್ಷದ ಬೆಳೆದ ನಾಯಿಯೇ ಎಲ್ಲಕ್ಕಿಂತ ಸೂಕ್ತ.

ಕಾರಣ ಸರಳ. ಎರಡು ತಿಂಗಳ ಮರಿಯ ಸ್ವಭಾವ ಮುಂದೆ ಹೇಗಾಗುತ್ತದೆ ಎಂಬುದು ಊಹೆಯ ಮಾತು. ಬೆಳೆದ ನಾಯಿಯ ಗಾತ್ರ, ಗುಣ, ಗಂಟಲು ಎಲ್ಲವೂ ಕಣ್ಣೆದುರಿಗಿರುತ್ತವೆ. ಅದು ಮಕ್ಕಳನ್ನು ಕಂಡರೆ ಹತ್ತಿರ ಬರುತ್ತದೋ, ಮೂಲೆಗೆ ಸರಿಯುತ್ತದೋ ಅಂದೇ ತಿಳಿಯುತ್ತದೆ. ಮರಿಯನ್ನು ಮೊದಮೊದಲು ಎರಡು ಗಂಟೆಗೊಮ್ಮೆ ಹೊರಗೆ ಒಯ್ಯಬೇಕು, ರಾತ್ರಿಯೂ ಏಳಬೇಕು. ಆರೇಳು ತಿಂಗಳಲ್ಲಿ ಹಲ್ಲು ಪೂರ್ತಿ ಬರುವವರೆಗೆ ಅದು ಮಕ್ಕಳ ಕೈ, ಲಂಗದ ಅಂಚು, ಚಪ್ಪಲಿ ಕಚ್ಚುತ್ತಲೇ ಇರುತ್ತದೆ. ‘ನಮ್ಮ ನಾಯಿ ಕಚ್ಚುತ್ತೆ’ ಎಂದು ಹೆದರಿದ ಮಗು ಮತ್ತೆ ಅದರ ಹತ್ತಿರ ಸುಳಿಯದೇ ಇರಬಹುದು. ಬೆಳೆದ ನಾಯಿ ಹೊಸ ಮನೆಗೆ ಹೊಂದಿಕೊಳ್ಳಲು ಕೆಲವು ವಾರ ಬೇಕಾಗುತ್ತದೆ, ಅಷ್ಟೆ.

ಮರಿಯೇ ಬೇಕೆನ್ನುವವರು ಮನೆಯಲ್ಲಿ ಹಗಲು ಯಾರಾದರೂ ಇರುವಂತೆ ನೋಡಿಕೊಳ್ಳಿ. ರಜೆಯಲ್ಲಿ ತಂದರೂ ಮೊದಲ ವಾರದಿಂದಲೇ ದಿನಕ್ಕೆ ಸ್ವಲ್ಪ ಹೊತ್ತು ಅದು ಒಂಟಿಯಾಗಿರುವುದನ್ನು ರೂಢಿ ಮಾಡಿಸಿ. ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ ಮಾತ್ರ ಯಾವ ನಾಯಿಯನ್ನೂ ತರಬೇಡಿ. ಮೂರರಿಂದ ಹದಿನಾಲ್ಕನೇ ವಾರದವರೆಗೆ ಮರಿಯ ಮನಸ್ಸು ಕಂಡದ್ದನ್ನೆಲ್ಲ ಅಚ್ಚೊತ್ತಿಕೊಳ್ಳುವ ಕಾಲ. ಆಗ ಪಟಾಕಿಗೆ ಬೆಚ್ಚಿದ ನಾಯಿ ಜೀವಮಾನವಿಡೀ ಸದ್ದಿಗೆ ನಡುಗಬಹುದು, ನಡುಗುವ ನಾಯಿ ಕಚ್ಚಲೂಬಹುದು.

ಮೂರನೇ ಹೆಜ್ಜೆ: ಈಗ ತಳಿ

ಮಕ್ಕಳೊಡನೆ ತಾಳ್ಮೆಯಿಂದ ಇರುವುದರಲ್ಲಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ಗಳಿಗೆ ಒಳ್ಳೆಯ ಹೆಸರಿದೆ, ಅದು ನಿಜವೂ ಹೌದು. ಆದರೆ ಇವು ಬೇಟೆಗಾರರ ಜೊತೆ ದಿನವಿಡೀ ನೀರಲ್ಲಿ, ಕೆಸರಲ್ಲಿ ಓಡಾಡಲೆಂದು ಬೆಳೆಸಿದ ನಾಯಿಗಳು. ಎರಡು ಕೋಣೆಯ ಮನೆಯಲ್ಲಿ ಓಡಾಟವಿಲ್ಲದೆ ಇಟ್ಟರೆ ಬೊಜ್ಜು ಬರುತ್ತದೆ, ಸೊಂಟದ ಕೀಲು ಹಾಳಾಗುತ್ತದೆ, ಬೇಸರಕ್ಕೆ ಸೋಫಾ ಹರಿಯುತ್ತವೆ. ಕೂದಲು ವರ್ಷವಿಡೀ ಉದುರುತ್ತದೆ. ಉಬ್ಬಸವಿರುವ ಮಗುವಿದ್ದರೆ, ನಾಯಿ ಇರುವ ಮನೆಗೆ ನಾಲ್ಕಾರು ಸಲ ಕರೆದೊಯ್ದು ನೋಡಿ, ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆಹಿಂದೆ ನಡೆಯುತ್ತಿದ್ದ ಪಗ್ ನೆನಪಿದೆಯಲ್ಲ? ಆಮೇಲೆ ದೇಶವಿಡೀ ಪಗ್‌ಗೆ ಬೇಡಿಕೆ ಬಂತು. ಸ್ವಭಾವ ಸಾಧು, ಗಾತ್ರ ಚಿಕ್ಕದು, ಮಕ್ಕಳಿಗೆ ಇಷ್ಟವೂ ಹೌದು. ಆದರೆ ಚಪ್ಪಟೆ ಮೂತಿಯ ಈ ನಾಯಿಗೆ ಸರಾಗವಾಗಿ ಉಸಿರಾಡುವುದೇ ಕಷ್ಟ. ನಾಯಿ ಮೈಯ ಬಿಸಿ ಇಳಿಸಿಕೊಳ್ಳುವುದು ಮುಖ್ಯವಾಗಿ ಬಾಯಿ ತೆರೆದು ಏದುಸಿರು ಬಿಡುವುದರಿಂದ. ಪಗ್‌ಗೆ ಅದೇ ಸರಿಯಾಗಿ ಆಗದು. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಅದರ ಪಾಡನ್ನು ಯೋಚಿಸಿ. ಹಸ್ಕಿ, ಸೇಂಟ್ ಬರ್ನಾರ್ಡ್‌ಗಳಂಥ ಹಿಮದ ನಾಯಿಗಳನ್ನು ನಮ್ಮ ಬಿಸಿಲಿಗೆ ತರುವುದು ಹಿಂಸೆ. ಎ.ಸಿ. ಹಾಕಿಸುತ್ತೇವೆ ಎನ್ನುವವರಿಗೂ ನನ್ನ ಮಾತು ಇದೇ.

ನಾವು ಪಾಮೇರಿಯನ್ ಎಂದು ಕರೆಯುತ್ತ ಬಂದಿರುವ ಬಿಳಿ ನಾಯಿ ಬಹುಮಟ್ಟಿಗೆ ಇಂಡಿಯನ್ ಸ್ಪಿಟ್ಜ್. ಬಿಸಿಲಿಗೆ ಒಗ್ಗಿದೆ, ಚುರುಕಾಗಿದೆ, ಸಣ್ಣ ಮನೆಗೆ ಸಾಕು. ಬೊಗಳುವುದು ಹೆಚ್ಚು, ಮೈಮೇಲೆ ಬಿದ್ದರೆ ಸಹಿಸುವುದಿಲ್ಲ. ಹಾಗಾಗಿ ಎಂಟು ಹತ್ತು ವರ್ಷದ ಸಮಾಧಾನದ ಮಕ್ಕಳಿಗೆ ಸರಿ. ಬೀಗಲ್ ಮಕ್ಕಳೊಡನೆ ಚೆನ್ನಾಗಿ ಬೆರೆಯುತ್ತದೆ, ಆದರೆ ಒಂಟಿಯಾಗಿ ಬಿಟ್ಟರೆ ಊಳಿಟ್ಟು ಬೀದಿಯನ್ನೇ ಎಬ್ಬಿಸುತ್ತದೆ.

ಮುಧೋಳ ನಮ್ಮ ಹೆಮ್ಮೆ. 2005ರಲ್ಲಿ ಅದರ ಅಂಚೆಚೀಟಿ ಬಂತು, 2016ರಲ್ಲಿ ಭಾರತೀಯ ಸೇನೆ ಮೀರತ್‌ನಲ್ಲಿ ಅದಕ್ಕೆ ತರಬೇತಿ ಕೊಡಲು ಶುರು ಮಾಡಿತು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವಿದೆ. ಆದರೆ ಇದು ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವ ಬೇಟೆನಾಯಿ. ದಿನವೂ ಓಡಲು ಬಯಲು ಬೇಕು, ಹೊಸಬರ ಸಲಿಗೆ ಇಷ್ಟವಿಲ್ಲ, ಗದರಿದರೆ ಮುದುಡಿಕೊಳ್ಳುತ್ತದೆ. ಹೊಲಮನೆಯ ದೊಡ್ಡ ಮಕ್ಕಳೊಡನೆ ಸೊಗಸಾಗಿ ಇರುತ್ತದೆ. ಮಕ್ಕಳ ಗೆಳೆಯರು ಹೊತ್ತಿಲ್ಲದ ಹೊತ್ತಿನಲ್ಲಿ ನುಗ್ಗಿ ಬರುವ ಫ್ಲಾಟ್‌ಗೆ ಅದನ್ನು ತರಬೇಡಿ.

ರಾಟ್‌ವೀಲರ್, ಪಿಟ್‌ಬುಲ್ ಸೇರಿದಂತೆ 23 ತಳಿಗಳನ್ನು ನಿರ್ಬಂಧಿಸುವ ಕೇಂದ್ರದ ಸುತ್ತೋಲೆಯನ್ನು 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ರದ್ದುಪಡಿಸಿತು. ಕಾನೂನಿನ ಮಾತು ಏನೇ ಇರಲಿ, ಮಕ್ಕಳಿರುವ ಮನೆಯ ಮೊದಲ ನಾಯಿ ಅಷ್ಟು ಬಲದ್ದಾಗುವುದು ಬೇಡ.

ಇನ್ನು ನಮ್ಮ ನಾಡ ನಾಯಿ. ಚಿಕ್ಕ ಕೂದಲು, ನಡುಗಾತ್ರ, ಮುದ್ದೆಯಿಂದ ಮೊಸರನ್ನದವರೆಗೆ ಏನನ್ನೂ ಅರಗಿಸಿಕೊಳ್ಳುವ ಹೊಟ್ಟೆ, ಇಲ್ಲಿನ ಮಳೆ ಬಿಸಿಲಿಗೆ ಹೇಳಿ ಮಾಡಿಸಿದ ಮೈ. ಒಳಸಂಬಂಧದ ಸಂತಾನದಿಂದ ಬರುವ ರೋಗಗಳ ಕಾಟವೂ ಕಡಿಮೆ. ಆದರೆ ಎಲ್ಲ ನಾಡ ನಾಯಿಯೂ ಮಕ್ಕಳಿಗೆ ಆಗುತ್ತದೆ ಅಂದುಕೊಳ್ಳಬೇಡಿ. ಬೀದಿಯಲ್ಲಿ ಮಕ್ಕಳ ಕೈಯಿಂದ ಕಲ್ಲೇಟು ತಿಂದು ಬೆಳೆದದ್ದಕ್ಕೆ ಮಕ್ಕಳೆಂದರೇ ಭಯವಿರಬಹುದು. ಆರಿಸುವಾಗ ನೋಡಬೇಕಾದದ್ದು ಆ ಒಂದು ನಾಯಿಯನ್ನು.

ನಾಲ್ಕನೇ ಹೆಜ್ಜೆ: ಎಲ್ಲಿಂದ ತರುವುದು?

ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾ, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್‌ನಂಥ ಸಂಸ್ಥೆಗಳಿಂದ ನಾಯಿಯನ್ನು ದತ್ತು ಪಡೆಯಬಹುದು. ದಿನವೂ ಅದನ್ನು ನೋಡಿಕೊಂಡವರು ಅಲ್ಲಿರುತ್ತಾರೆ. ‘ಮಕ್ಕಳೊಡನೆ ಇದ್ದದ್ದಿದೆಯೇ? ಊಟಕ್ಕೆ ಕೈ ಹಾಕಿದರೆ ಏನು ಮಾಡುತ್ತದೆ?’ ಎಂದು ಅವರನ್ನೇ ಕೇಳಿ. ಮಾಲೀಕರು ಬಿಟ್ಟುಹೋದ ಜಾತಿ ನಾಯಿಗಳೂ ಇಂಥ ಕಡೆ ಸಿಗುತ್ತವೆ.

ಕೊಳ್ಳುವುದಾದರೆ ಕಾನೂನು ತಿಳಿದಿರಲಿ. 2017ರ ಶ್ವಾನ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಪತ್ರ ತೋರಿಸಲು ಹೇಳಿ. ತಾಯಿಯನ್ನು ತೋರಿಸದವರಿಂದ, ಬಸ್ ನಿಲ್ದಾಣದಲ್ಲಿ ಮರಿ ತಂದುಕೊಡುತ್ತೇನೆ ಎನ್ನುವವರಿಂದ ಕೊಳ್ಳಬೇಡಿ. 2022ರ ‘777 ಚಾರ್ಲಿ’ ಚಿತ್ರ ನೋಡಿ ಕಣ್ಣೀರಿಟ್ಟ ಮಕ್ಕಳಿಗೆ ಗೊತ್ತು: ಹಣದಾಸೆಗೆ ಒಡಹುಟ್ಟಿದವುಗಳನ್ನೇ ಕೂಡಿಸಿ ಮರಿ ಮಾಡಿಸಿದರೆ ಅದರ ಬೆಲೆ ತೆರುವುದು ನಾಯಿ.

ಐದನೇ ಹೆಜ್ಜೆ: ನೋಡಲು ಹೋದಾಗ

ಮೊದಲ ಸಲ ದೊಡ್ಡವರಷ್ಟೇ ಹೋಗಿ. ಮಕ್ಕಳ ಎದುರಿಗೆ ‘ಇದು ಬೇಡ’ ಎನ್ನುವುದು ಕಷ್ಟ. ಮರಿಯಾದರೆ ತಾಯಿಯ ಹತ್ತಿರ ಕೂತು ನೋಡಿ. ತಾಯಿ ಅಂಜುಬುರುಕಿಯಾಗಿದ್ದರೆ, ಹತ್ತಿರ ಬಿಡದಷ್ಟು ಸಿಟ್ಟಿನದಾಗಿದ್ದರೆ ಮರಿಗಳಲ್ಲೂ ಆ ಗುಣ ಬರಬಹುದು. ಎಲ್ಲರಿಗಿಂತ ಮೊದಲು ಓಡಿಬಂದು ಪ್ಯಾಂಟ್ ಎಳೆಯುವ ಮರಿಯನ್ನೂ, ಮೂಲೆಯಲ್ಲಿ ಕೂತು ಬಾರದ ಮರಿಯನ್ನೂ ಬಿಡಿ. ಸ್ವಲ್ಪ ತಡೆದು ಬಂದು, ಮೂಸಿ, ಬಾಲ ಆಡಿಸುವ ನಡುವಿನದು ಮಕ್ಕಳ ಮನೆಗೆ ಸರಿ. ಎತ್ತಿಕೊಂಡಾಗ ಕೊಸರಾಡಿ ಆಮೇಲೆ ಸುಮ್ಮನಾಗುತ್ತದೆಯೇ ನೋಡಿ. ಕೀಲಿಗೊಂಚಲು ನೆಲಕ್ಕೆ ಬೀಳಿಸಿ: ಬೆಚ್ಚಿದರೂ ಮರುಕ್ಷಣ ‘ಏನಿದು’ ಎಂದು ಹತ್ತಿರ ಬರುವ ಮರಿ ಗಟ್ಟಿ ಮನಸ್ಸಿನದು.

ಬೆಳೆದ ನಾಯಿಯಾದರೆ ಎರಡನೇ ಸಲ ಮಕ್ಕಳನ್ನು ಕರೆದೊಯ್ಯಿರಿ. ಅವರು ಸುಮ್ಮನೆ ಕೂತಿರಲಿ, ನಾಯಿಯೇ ಬರಲಿ. ಬಂದು, ಮೈ ಸಡಿಲ ಬಿಟ್ಟು ಒರಗಿದರೆ ಒಳ್ಳೆಯ ಲಕ್ಷಣ. ಮುಖ ತಿರುಗಿಸುವುದು, ತುಟಿ ನೆಕ್ಕಿಕೊಳ್ಳುವುದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು, ಮೈ ಬಿಗಿದು ನಿಲ್ಲುವುದು ಇವೆಲ್ಲ ‘ನನಗೆ ಇಷ್ಟವಿಲ್ಲ’ ಎನ್ನುವ ಮಾತು. ಬಾಲ ಆಡುತ್ತಿದೆ ಎಂದ ಮಾತ್ರಕ್ಕೆ ನಾಯಿ ಖುಷಿಯಲ್ಲಿದೆ ಎಂದು ತಿಳಿಯಬೇಡಿ. ಸಂಸ್ಥೆಯವರು ಒಪ್ಪಿದರೆ ಎರಡು ವಾರ ಮನೆಯಲ್ಲಿಟ್ಟುಕೊಂಡು ನೋಡಿ ಆಮೇಲೆ ನಿರ್ಧರಿಸಿ.

ಆರನೇ ಹೆಜ್ಜೆ: ಲಸಿಕೆ, ಜಂತು, ಉಣ್ಣೆ

ತಂದ ಮರುದಿನವೇ ಪಶುವೈದ್ಯರಿಗೆ ತೋರಿಸಿ. ಪಾರ್ವೋ, ಡಿಸ್ಟೆಂಪರ್ ತಡೆಯುವ ಲಸಿಕೆ ಆರರಿಂದ ಎಂಟನೇ ವಾರಕ್ಕೆ ಶುರುವಾಗಿ, ಮೂರ್ನಾಲ್ಕು ವಾರಕ್ಕೊಮ್ಮೆ ಹದಿನಾರನೇ ವಾರದವರೆಗೆ ಇರುತ್ತದೆ. ರೇಬಿಸ್ ಲಸಿಕೆ ಮೂರನೇ ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ. ನಾಯಿಯ ಜಂತುಹುಳು ಮಕ್ಕಳಿಗೂ ಹತ್ತುವುದರಿಂದ ಅದರ ಔಷಧವನ್ನು ಮರೆಯಬೇಡಿ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹುಡುಕುವುದು ದಿನದ ಕೆಲಸ. ಮಂಗನ ಕಾಯಿಲೆ ಇರುವ ಮಲೆನಾಡಿನ ಕಾಡಂಚಿನಲ್ಲಿ ನಾಯಿಯನ್ನು ಕಾಡಿಗೆ ಅಲೆಯಲು ಬಿಡಲೇಬೇಡಿ. ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ. ಮಕ್ಕಳು ಪ್ರೀತಿಯಿಂದ ಕೊಡುವುದೂ ಇವನ್ನೇ.

ಏಳನೇ ಹೆಜ್ಜೆ: ಮಕ್ಕಳಿಗೆ ಕಲಿಸುವುದು

ಉಣ್ಣುವಾಗ, ಮಲಗಿದಾಗ, ಮೂಳೆ ಕಡಿಯುವಾಗ ನಾಯಿಯನ್ನು ಮುಟ್ಟಬಾರದು. ಕುತ್ತಿಗೆಗೆ ಕೈ ಹಾಕಿ ತಬ್ಬಬಾರದು, ಮುಖಕ್ಕೆ ಮುಖ ತಾಗಿಸಬಾರದು. ಅದು ತನ್ನ ಮೂಲೆಗೆ ಹೋದರೆ ಹಿಂದೆ ಹೋಗಬಾರದು. ಗುರ್ ಎಂದರೆ ಕೈ ಹಿಂದಕ್ಕೆ. ಗುರ್ ಎಂದಿದ್ದಕ್ಕೆ ದೊಡ್ಡವರು ನಾಯಿಯನ್ನು ಹೊಡೆಯಲೂಬಾರದು. ಎಚ್ಚರಿಕೆ ಕೊಟ್ಟರೆ ಏಟು ಬೀಳುತ್ತದೆ ಎಂದು ಕಲಿತ ನಾಯಿ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ಎಷ್ಟೇ ಸಾಧುವಾದ ನಾಯಿಯಾದರೂ ಚಿಕ್ಕ ಮಕ್ಕಳೊಡನೆ ಅದನ್ನು ಒಂದೇ ಕೋಣೆಯಲ್ಲಿ ಬಿಟ್ಟು ನೀವು ಅಡುಗೆಮನೆಗೆ ಹೋಗಬೇಡಿ.

ಇನ್ನೊಂದು ಮಾತನ್ನು ಮಕ್ಕಳಿಗೆ ಮತ್ತೆಮತ್ತೆ ಹೇಳಿ: ಮನೆಯದಾಗಲಿ ಬೀದಿಯದಾಗಲಿ, ನಾಯಿ ಪರಚಿದರೆ, ಹಲ್ಲು ತಾಗಿದರೆ ಬಂದು ತಿಳಿಸಬೇಕು, ಯಾರೂ ಬೈಯುವುದಿಲ್ಲ. ನಾಯಿಯನ್ನು ಮನೆಯಿಂದ ಕಳಿಸಿಬಿಡುತ್ತಾರೆ ಎಂಬ ಹೆದರಿಕೆಗೇ ಎಷ್ಟೋ ಮಕ್ಕಳು ಗಾಯ ಮುಚ್ಚಿಡುತ್ತಾರೆ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ಗೆ ಮದ್ದಿಲ್ಲ, ಲಕ್ಷಣ ಬರುವ ಮೊದಲು ಪೂರ್ತಿ ತಡೆಯಬಹುದು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಏನನ್ನೂ ಮೆತ್ತಬೇಡಿ. ನಿಮ್ಮ ನಾಯಿಗೆ ಲಸಿಕೆ ಆಗಿದ್ದರೂ ಅದೇ ದಿನ ವೈದ್ಯರ ಬಳಿ ಹೋಗಿ, ನಾಯಿಯ ಲಸಿಕೆ ಪುಸ್ತಕವನ್ನೂ ಜೊತೆಗೊಯ್ಯಿರಿ. ಅವರು ಇಂಜೆಕ್ಷನ್ ಬರೆದುಕೊಟ್ಟರೆ ಕೊನೆಯ ಡೋಸ್‌ವರೆಗೂ ಹಾಕಿಸಿ.