ಹೆಬ್ಬೆರಳಿನ ಗಾಯಕ್ಕೆ ಜೀವಂತ ಚರ್ಮದ ಹೊದಿಕೆ

ಚಿತ್ತಾಪುರ, ಶಹಾಬಾದ, ಸೇಡಂ ಭಾಗದಲ್ಲಿ ಫರಸಿ ಕಲ್ಲು ಎತ್ತುವವರು, ಕಲ್ಲು ಕೊಯ್ಯುವ ಯಂತ್ರದ ಮುಂದೆ ನಿಲ್ಲುವವರು, ತೊಗರಿ ರಾಶಿ ಮಾಡುವವರು ಬಹಳ. ಇವರ ಕಾಯಕವೆಲ್ಲ ಹೆಬ್ಬೆರಳನ್ನೇ ನೆಚ್ಚಿದೆ. ಉಳಿದ ನಾಲ್ಕು ಬೆರಳುಗಳಿಗೆ ಎದುರಾಗಿ ನಿಂತು ಹಿಡಿತ ಕೊಡುವುದು ಅದೊಂದೇ. ಕೈಯ ಸಾಮರ್ಥ್ಯದಲ್ಲಿ ಸುಮಾರು ಶೇ. 40ರಷ್ಟು ಅದರದೆಂದು ವೈದ್ಯರು ಲೆಕ್ಕಿಸುತ್ತಾರೆ.

ತುದಿಯ ಮಾಂಸ ಕಿತ್ತುಹೋದಾಗ ಎಲುಬು ಕಾಣುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು. ಎಲುಬು ಕಾಣದ, ಒಂದು ಸೆಂಟಿಮೀಟರಿಗಿಂತ ಚಿಕ್ಕ ಗಾಯ ಬಹುಮಟ್ಟಿಗೆ ಶುದ್ಧ ಪಟ್ಟಿಯಿಂದಲೇ ಮಾಯುತ್ತದೆ. ಎಲುಬು ಬರಿದಾಗಿದ್ದರೆ ತೈಲ, ಘೃತಗಳಲ್ಲಿ ಕಾಲ ಕಳೆಯಬಾರದು. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆ. ತೊಡೆಯಿಂದ ತೆಗೆದ ತೆಳುಚರ್ಮದ ಕಸಿಯೂ ಅಲ್ಲಿ ಹಿಡಿಯದು. ಕಸಿಯ ಚರ್ಮ ತನ್ನ ಕೆಳಗಿನ ಅಂಗಾಂಶದಿಂದ ರಕ್ತ ಪಡೆದು ಬದುಕಬೇಕು. ಪೊರೆ ಕಳಚಿದ ಎಲುಬು ಅದನ್ನು ಕೊಡಲಾರದು. ಆದ್ದರಿಂದ ತನ್ನ ರಕ್ತನಾಳವನ್ನು ತಾನೇ ಹೊತ್ತು ತರುವ ಚರ್ಮ ಬೇಕು. ಅದಕ್ಕೆ ಫ್ಲ್ಯಾಪ್ ಎನ್ನುತ್ತಾರೆ.

ಈ ತತ್ತ್ವ ನಮ್ಮಲ್ಲಿ ಹಳೆಯದು. ಕತ್ತರಿಸಿಹೋದ ಮೂಗಿಗೆ ಎಲೆಯಿಂದ ಅಳತೆ ತೆಗೆದು, ಕೆನ್ನೆಯ ಚರ್ಮವನ್ನು ಬುಡ ಕಡಿಯದೆ ಬಿಡಿಸಿ ಕೂಡಿಸುವ ಕ್ರಮವನ್ನು ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯ ಹೇಳುತ್ತದೆ. ಟಿಪ್ಪು ಸುಲ್ತಾನನ ಸೆರೆಯಲ್ಲಿ ಮೂಗು ಕಳೆದುಕೊಂಡ ಕಾವಸ್‌ಜಿ ಎಂಬ ಗಾಡಿಕಾರನಿಗೆ ಪುಣೆಯ ಕಡೆ ಹಣೆಯ ಚರ್ಮದಿಂದ ಮೂಗು ಕಟ್ಟಿದ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂದ ಮೇಲೆ ಯುರೋಪಿನ ಶಸ್ತ್ರವೈದ್ಯರು ಇತ್ತ ತಿರುಗಿ ನೋಡಿದರು.

ಹೆಬ್ಬೆರಳಿನ ತುದಿಗಾಯ ಚಿಕ್ಕದಿದ್ದರೆ ಅದೇ ಬೆರಳಿನ ಒಳಬದಿಯ ಚರ್ಮವನ್ನು ನರ, ರಕ್ತನಾಳಗಳ ಸಹಿತ ಮುಂದಕ್ಕೆ ಸರಿಸುತ್ತಾರೆ. ಸ್ಪರ್ಶಜ್ಞಾನ ಉಳಿಯುವುದರಿಂದ ಸಾಧ್ಯವಿದ್ದಲ್ಲಿ ಇದೇ ಲೇಸು. ದೊಡ್ಡದಿದ್ದರೆ ತೋರುಬೆರಳ ಬೆನ್ನಿನ ಚರ್ಮವನ್ನು ತರುತ್ತಾರೆ. ಫ್ರಾನ್ಸಿನ ಫೂಷೆ 1979ರಲ್ಲಿ ಪ್ರಕಟಿಸಿದ ವಿಧಾನವಿದು. ಆರಂಭದಲ್ಲಿ ಹೆಬ್ಬೆರಳನ್ನು ಮುಟ್ಟಿದರೆ ತೋರುಬೆರಳನ್ನು ಮುಟ್ಟಿದಂತೆ ಅನಿಸುವುದುಂಟು. ಗಾಬರಿ ಬೇಡ, ಮೆದುಳು ಕ್ರಮೇಣ ಹೊಂದಿಕೊಳ್ಳುತ್ತದೆ. ಇನ್ನೂ ದೊಡ್ಡ ಗಾಯಕ್ಕೆ ತೊಡೆಸಂದಿಯ ಚರ್ಮ ಬೇಕಾದೀತು. ಆಗ ಕೈಯನ್ನು ಸುಮಾರು ಮೂರು ವಾರ ಅಲ್ಲಿಗೇ ಜೋಡಿಸಿಡುತ್ತಾರೆ.

ಜೋತುಬಿದ್ದ ಚರ್ಮವನ್ನು ಕತ್ತರಿಸಿ ಎಸೆಯಬೇಡಿ. ಅದರಲ್ಲಿ ಇನ್ನೂ ರಕ್ತ ಹರಿಯುತ್ತಿರಬಹುದು. ಅರಿಸಿನ, ಸುಣ್ಣ, ಕಾಫಿಪುಡಿ ತುಂಬಬೇಡಿ. ವಿಭೂತಿಯೂ ಬೇಡ, ಅದರ ಸ್ಥಾನ ಹಣೆ. ಶುದ್ಧ ಬಟ್ಟೆಯಿಂದ ಒತ್ತಿ, ಕೈ ಮೇಲೆತ್ತಿ ಹಿಡಿಯಿರಿ. ತುಂಡಾದ ಭಾಗವನ್ನು ಒದ್ದೆಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿಡಿ. ಮಂಜುಗಡ್ಡೆ ಮಾಂಸಕ್ಕೆ ತಾಗಬಾರದು. ತಡಮಾಡದೆ ಕಲಬುರಗಿಗೆ ಹೊರಡಿ.

ಶಸ್ತ್ರಚಿಕಿತ್ಸೆಯ ನಂತರ ಬೀಡಿ, ತಂಬಾಕು ಸಲ್ಲವು. ಸೂಕ್ಷ್ಮ ರಕ್ತನಾಳಗಳು ಕುಗ್ಗಿ ಹೊಸ ಚರ್ಮ ಕಪ್ಪಾಗಿ ಸಾಯುತ್ತದೆ. ಗಾಯ ಪೂರ್ಣ ಮಾಯ್ದ ಮೇಲೆ, ಶಸ್ತ್ರವೈದ್ಯರ ಅನುಮತಿ ಪಡೆದು, ಬೆಚ್ಚಗಿನ ಎಳ್ಳೆಣ್ಣೆಯಿಂದ ಮೃದುವಾಗಿ ತೀಡುತ್ತ ದಿನವೂ ಕೀಲನ್ನು ಮಡಚಿ ಬಿಡಿಸಬೇಕು.