ಹನಿಯುವ ನಲ್ಲಿ



ಧಮ್ಮಬಂಧುಗಳೇ, ಇಂದಿನ ಚಿಂತನೆ ಮನೆಯಲ್ಲಿ ಹನಿಯುವ ನಲ್ಲಿಯ ಬಗ್ಗೆ. ನಗಬೇಡಿ, ಪೂರ್ತಿ ಓದಿ.

ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ ಬರಹದಲ್ಲಿ ತಮ್ಮ ಶಾಲೆಯ ನಲ್ಲಿಯ ಸಂಗತಿ ಹೇಳಿದ್ದಾರೆ. ಬೇರೆ ಮಕ್ಕಳು ಬಾಯಾರಿದರೆ ಹೋಗಿ ನಲ್ಲಿ ತಿರುಗಿಸಿ ಕುಡಿಯುತ್ತಿದ್ದರು. ಬಾಲಕ ಭೀಮ ಅದನ್ನು ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಅದೇ ಬಾಲಕ ಬೆಳೆದು 1927ರ ಮಾರ್ಚ್ 20ರಂದು ಸಾವಿರಾರು ಜನರೊಂದಿಗೆ ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಆ ಕೆರೆಯ ವ್ಯಾಜ್ಯ ಹೈಕೋರ್ಟಿನಲ್ಲಿ ಮುಗಿದದ್ದು 1937ರಲ್ಲಿ.

ಇಂದು ನಲ್ಲೂರಿನಲ್ಲಿ ನಮ್ಮ ಮನೆಯ ನಲ್ಲಿಯನ್ನು ನಾವೇ ತಿರುಗಿಸುತ್ತೇವೆ. ಅದು ಹನಿಯತೊಡಗಿದರೆ ಮಾತ್ರ ಕೆಳಗೊಂದು ಬಕೆಟ್ ಇಟ್ಟು, ಪ್ಲಂಬರ್ ಬರಲಿ ಎಂದು ತಿಂಗಳುಗಟ್ಟಲೆ ಕಾಯುತ್ತೇವೆ. ಮುಟ್ಟುವ ಹಕ್ಕು ಬಂದ ಮೇಲೂ ಕೈ ಹಿಂದೆಯೇ ಉಳಿದಿದೆ.

ನಲ್ಲಿಯ ಕೆಳಗೆ ಒಂದು ಗಂಟೆ ಲೋಟ ಇಟ್ಟು ನೋಡಿ. 200 ಮಿಲಿಲೀಟರ್ ತುಂಬಿದರೆ ತಿಂಗಳಿಗೆ 144 ಲೀಟರ್. ಜಲ ಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ ಲೆಕ್ಕ ಹಾಕಿರುವುದು 55 ಲೀಟರ್. ಅಂದರೆ ಒಬ್ಬರ ಎರಡೂವರೆ ದಿನದ ನೀರು ಬಚ್ಚಲಿಗೆ ಹೋಯಿತು. ಧಮ್ಮಪದದ ಪಾಪವಗ್ಗದಲ್ಲಿ ಹನಿಹನಿಯಾಗಿ ತುಂಬುವ ಕೊಡದ ಹೋಲಿಕೆ ಬರುತ್ತದಲ್ಲ, ಈ ಲೋಟ ನೋಡಿದಾಗ ಅದು ಬೇಗ ಅರ್ಥವಾಗುತ್ತದೆ.

ಹಲವು ಸುತ್ತು ತಿರುಗಿಸುವ ಹಳೆಯ ನಲ್ಲಿಯಾದರೆ ತಪ್ಪು ಹೆಚ್ಚಾಗಿ ಒಳಗಿನ ರಬ್ಬರ್ ವಾಷರಿನದು. ಅದು ನೀರಿನ ಬಾಯಿಯ ಮೇಲೆ ಕೂತು ಮುಚ್ಚಬೇಕು. ಸವೆದರೆ ಸಂದಿಯಲ್ಲಿ ನೀರು ಜಿನುಗುತ್ತದೆ. ಇನ್ನಷ್ಟು ಬಿಗಿಯಾಗಿ ತಿರುಗಿಸಿದರೆ ವಾಷರ್ ಮತ್ತಷ್ಟು ಹಾಳು. (ಗಂಡಸರು ಮೊದಲು ಮಾಡುವುದು ಇದನ್ನೇ.)

ಟ್ಯಾಂಕಿನ ವಾಲ್ವ್ ಮುಚ್ಚಿ. ಟ್ಯಾಂಕ್ ಇಲ್ಲದವರು ನೀರು ಬಿಡದ ಹೊತ್ತಿನಲ್ಲಿ ಕೂರಿ. ನಲ್ಲಿ ತೆರೆದು ಉಳಿದ ನೀರು ಹೋಗಲಿ. ಬಚ್ಚಲ ತೂತಿಗೆ ಬಟ್ಟೆ ಮುಚ್ಚಿ, ಸ್ಕ್ರೂ ಒಳಗೆ ಬಿದ್ದರೆ ಸಿಗುವುದಿಲ್ಲ. ಒಂದು ಕೈಯಲ್ಲಿ ನಲ್ಲಿಯನ್ನು ಗಟ್ಟಿಯಾಗಿ ಹಿಡಿದು, ಪಾನಾ ಹಾಕಿ ತಲೆಭಾಗವನ್ನು ಎಡಕ್ಕೆ ತಿರುಗಿಸಿ ಬಿಚ್ಚಿ. ಹಿಡಿಯದಿದ್ದರೆ ಗೋಡೆಯೊಳಗಿನ ಪೈಪೇ ತಿರುಚಿಕೊಳ್ಳುತ್ತದೆ. ಹಳೆಯ ವಾಷರನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ತಲೆಭಾಗವನ್ನು ಮತ್ತೆ ಕೂರಿಸುವಾಗ ಹಿಡಿಕೆ ತೆರೆದ ಸ್ಥಿತಿಯಲ್ಲಿರಲಿ, ಇಲ್ಲವಾದರೆ ಹೊಸ ವಾಷರ್ ಜಜ್ಜಿಹೋಗುತ್ತದೆ. ವಾಷರ್ ಕೂರುವ ಜಾಗ ಗುಳಿಬಿದ್ದಿದ್ದರೆ ನಲ್ಲಿಯನ್ನೇ ಬದಲಿಸುವುದು ಮೇಲು. ಕಾಲು ಸುತ್ತಿಗೆ ತೆರೆಯುವ ಹೊಸ ನಲ್ಲಿಗಳಲ್ಲಿ ಇಂಥ ವಾಷರ್ ಇರುವುದಿಲ್ಲ. ಒಳಗಿನ ಸ್ಪಿಂಡಲ್ ಬಿಚ್ಚಿ, ಮಾದರಿಗೆ ಒಯ್ದು, ಅಂಥದ್ದೇ ಹಾಕಬೇಕು.

ಮನೆಯ ಹೆಣ್ಣುಮಕ್ಕಳ ಕೈಗೂ ಪಾನಾ ಕೊಡಿ. ನೀರಿನ ಕಷ್ಟ ಹೆಚ್ಚು ಕಂಡವರು ಅವರೇ.

ಪರಿನಿಬ್ಬಾಣದ ಮುನ್ನ ಭಗವಾನರು ಭಿಕ್ಖುಗಳಿಗೆ ಹೇಳಿದ ಕೊನೆಯ ಮಾತಿನಲ್ಲಿ ‘ಅಪ್ಪಮಾದ’ ಎಂಬ ಪದವಿದೆ. ಎಚ್ಚರ ತಪ್ಪದಿರುವುದು. ಧ್ಯಾನಕ್ಕೆ ಕೂತಾಗ ಅಡುಗೆಮನೆಯಿಂದ ಟಪ್ ಟಪ್ ಕೇಳಿಸುತ್ತಿದ್ದರೆ ಅದನ್ನು ಬರೀ ಗಮನಿಸುತ್ತಾ ಕೂರಬೇಕೆಂದು ಇದರ ಅರ್ಥವಲ್ಲ, ಎದ್ದು ಹೋಗಿ ನೋಡಬೇಕು.

ಒಂದು ಮಾತು ಸ್ಪಷ್ಟವಿರಲಿ. ಎಷ್ಟೋ ಊರುಗಳಲ್ಲಿ ನಮ್ಮ ಕೇರಿ ಪೈಪ್‌ಲೈನಿನ ಕೊನೆಗಿರುತ್ತದೆ, ಅಲ್ಲಿಗೆ ಬರುವಷ್ಟರಲ್ಲಿ ನೀರು ಸಣ್ಣಗಾಗಿರುತ್ತದೆ. ಬೀದಿಯ ಪೈಪ್ ಒಡೆದರೆ, ಕೇರಿಗೆ ವಾಲ್ವ್ ತೆರೆಯದಿದ್ದರೆ ಅದು ನಾವು ವಾಷರ್ ಹಾಕಿ ಸುಮ್ಮನಾಗುವ ಕೆಲಸವಲ್ಲ. ಅದಕ್ಕೆ ಗ್ರಾಮ ಪಂಚಾಯಿತಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಬೇಕು.

ಭಾನುವಾರ ಬುದ್ಧ ವಂದನೆ ಮುಗಿದ ಮೇಲೆ ಹಳೆಯ ನಲ್ಲಿಯೊಂದನ್ನು ಬಿಚ್ಚಿ ತೋರಿಸಲಾಗುವುದು. ಪಾನಾ ಇದ್ದವರು ತನ್ನಿ.

ಜೈ ಭೀಮ್.